ತೂಕ ಇಳಿಸುವ ಇಂಜೆಕ್ಷನ್: ವೈದ್ಯರನ್ನು ಕೇಳುವ ಮುನ್ನ

ಬೊಜ್ಜಿನ ಬಗ್ಗೆ ವೈದ್ಯರೊಡನೆ ಮಾತುಕತೆ ಏರ್ಪಡಿಸಿದಾಗ ವೀಕ್ಷಕರಿಂದ ಬರುವ ಪ್ರಶ್ನೆಗಳ ಜೊತೆಗೆ ಈಗ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ. "ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡರೆ ತೂಕ ಇಳಿಯುತ್ತದಂತೆ. ಅದು ಎಲ್ಲಿ ಸಿಗುತ್ತದೆ?" ಕೇಳುವವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಅಮ್ಮನಿಗಾಗಿ ಕೇಳುವ ಮಕ್ಕಳೂ ಇದ್ದಾರೆ. ಅದು ಏನು, ಯಾರಿಗೆ, ಎಷ್ಟು ಕಾಲ ಎಂದು ಕೇಳುವವರು ಕಡಿಮೆ. ವೈದ್ಯರ ಮಾತಂತೂ ಆ ಪ್ರಶ್ನೆಯಲ್ಲಿ ಬರುವುದೇ ಇಲ್ಲ.

ಏಕೆ ಬರುವುದಿಲ್ಲ? ಮುಖ್ಯ ಕಾರಣ ನಾಚಿಕೆ. ದಪ್ಪಗಿರುವವರಿಗೆ ಮನೆಯಲ್ಲಿ, ತರಗತಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಕೇಳಿಬರುವ ಮಾತು ಒಂದೇ: "ಸ್ವಲ್ಪ ಬಾಯಿ ಕಟ್ಟಬಾರದೆ?" ಕೇಳಿ ಕೇಳಿ ಅವರೂ ಅದನ್ನೇ ನಂಬಿಬಿಡುತ್ತಾರೆ. ರಕ್ತದೊತ್ತಡಕ್ಕೆ ಮಾತ್ರೆ ಕೇಳಲು ಸಂಕೋಚಪಡದವರು ತೂಕಕ್ಕೆ ಔಷಧ ಕೇಳುವುದನ್ನು ಸೋಮಾರಿತನವೆಂದು ಭಾವಿಸುತ್ತಾರೆ. ನಾಚಿಕೆಪಟ್ಟವರು ವೈದ್ಯರ ಕೋಣೆಯ ಬದಲು ಜಿಮ್ಮಿನಲ್ಲಿ ಯಾರೋ ಹೇಳಿದ ಅಂಗಡಿಯನ್ನು ಹುಡುಕುತ್ತಾರೆ. ಅಪಾಯ ಶುರುವಾಗುವುದು ಅಲ್ಲಿ.

ದೇಹದ ತೂಕ ಬರೀ ಮನಸ್ಸಿನ ಹತೋಟಿಯ ಪ್ರಶ್ನೆಯೇ ಎಂಬುದನ್ನು ವಿಜ್ಞಾನಿಗಳು ಹಲವು ರೀತಿಯಲ್ಲಿ ಪರೀಕ್ಷಿಸಿದ್ದಾರೆ. 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿ ವಯಸ್ಕರ ವಿವರಗಳನ್ನು ಪ್ರಕಟಿಸಿದರು. ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು. ಸಾಕಿ ಉಣಬಡಿಸಿದವರ ಮೈಕಟ್ಟಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಅದಕ್ಕೂ ಮೊದಲು, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಗಮನಿಸಿದ್ದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ದೇಹ ಶಕ್ತಿಯನ್ನು ಜಿಪುಣತನದಿಂದ ಬಳಸತೊಡಗಿತು. ಯುವಕರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡಲು ಆರಂಭಿಸಿದರಂತೆ! ತೂಕ ಇಳಿದಾಗ ಅದನ್ನು ಮರಳಿ ಪಡೆಯಲು ದೇಹ ಹೋರಾಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಥ್ಯ ಮಾಡಿ ಹತ್ತು ಕೆ.ಜಿ. ಇಳಿಸಿ, ವರ್ಷದೊಳಗೆ ಹನ್ನೆರಡು ಕೆ.ಜಿ. ಏರಿಸಿಕೊಂಡವರು ನಿಮ್ಮ ಬಳಗದಲ್ಲೇ ಇರಬಹುದು. ಅವರನ್ನು ಗೇಲಿ ಮಾಡುವುದು ಸುಲಭ.

ಈಗ ಇಂಜೆಕ್ಷನ್ನಿಗೆ ಬರೋಣ. ಮಧ್ಯಾಹ್ನ ನೀವು ಮುದ್ದೆ ಸಾರು ಉಂಡಿರಿ ಎನ್ನಿ. ಆಹಾರ ಸಣ್ಣಕರುಳನ್ನು ತಲುಪಿದಾಗ ಅಲ್ಲಿನ ಕೆಲವು ಜೀವಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಸ್ರವಿಸಲು ಹೇಳುತ್ತದೆ, ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಮಿದುಳಿಗೆ "ಊಟ ಬಂದಿದೆ, ಸಾಕು" ಎಂಬ ಸುದ್ದಿ ಮುಟ್ಟಿಸುತ್ತದೆ. ಆದರೆ ಈ ಹಾರ್ಮೋನಿನ ಆಯುಷ್ಯ ಬಹಳ ಕಡಿಮೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಎರಡು ನಿಮಿಷಗಳ ಆಸುಪಾಸಿನಲ್ಲಿ ಅರ್ಧದಷ್ಟು ಮುರಿದುಹಾಕುತ್ತದೆ. ಹೀಗೆ ಕರಗಿಹೋಗುವುದನ್ನು ಔಷಧವಾಗಿಸುವುದು ಹೇಗೆ?

ಮೊದಲ ದಾರಿ ತೋರಿಸಿದ್ದು ಒಂದು ಹಲ್ಲಿ. ಅಮೆರಿಕದ ನೈಋತ್ಯ ಭಾಗ ಮತ್ತು ಮೆಕ್ಸಿಕೋದ ಮರುಭೂಮಿಯಲ್ಲಿ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿದೆ. 1992ರಲ್ಲಿ ನ್ಯೂಯಾರ್ಕಿನ ವೈದ್ಯ ಜಾನ್ ಎಂಗ್ ಅದರ ವಿಷದಲ್ಲಿ ನಮ್ಮ ಜಿಎಲ್‌ಪಿ-1ನ್ನೇ ಹೋಲುವ, ಆದರೆ ಆ ಕಿಣ್ವಕ್ಕೆ ಬೇಗ ಬಗ್ಗದ ಒಂದು ವಸ್ತುವನ್ನು ಗುರುತಿಸಿದರು. ಅದರಿಂದ ಹುಟ್ಟಿದ ಎಕ್ಸೆನಟೈಡ್ 2005ರಲ್ಲಿ ಮಧುಮೇಹಕ್ಕೆ ಔಷಧವಾಯಿತು. ದಿನಕ್ಕೆ ಎರಡು ಬಾರಿ ಚುಚ್ಚಿಕೊಳ್ಳಬೇಕಿತ್ತು. ಮುಂದೆ ಬಂದ ಸೆಮಾಗ್ಲುಟೈಡ್ ಹಲ್ಲಿಯದಲ್ಲ. ಅದು ಮನುಷ್ಯರ ಹಾರ್ಮೋನನ್ನೇ ಅಲ್ಲಲ್ಲಿ ತಿದ್ದಿ, ಅದಕ್ಕೆ ಕೊಬ್ಬಿನ ಆಮ್ಲದ ಒಂದು ಬಾಲ ಜೋಡಿಸಿದ ಅಣು. ಆ ಬಾಲ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಔಷಧ ಬೇಗ ಕರಗುವುದಿಲ್ಲ. ಎರಡು ನಿಮಿಷದ ಆಯುಷ್ಯ ಸುಮಾರು ಒಂದು ವಾರಕ್ಕೆ ಹಿಗ್ಗಿತು. ವಾರಕ್ಕೊಂದೇ ಚುಚ್ಚು ಎಂಬುದರ ಗುಟ್ಟು ಇದು.

ಸೆಮಾಗ್ಲುಟೈಡ್ 2017ರಲ್ಲಿ ಅಮೆರಿಕದಲ್ಲಿ ಮಧುಮೇಹಕ್ಕೆ ಓಜೆಂಪಿಕ್ ಎಂಬ ಹೆಸರಿನಲ್ಲೂ, 2021ರಲ್ಲಿ ಬೊಜ್ಜಿಗೆ ಹೆಚ್ಚಿನ ಪ್ರಮಾಣದಲ್ಲಿ ವೆಗೋವಿ ಎಂಬ ಹೆಸರಿನಲ್ಲೂ ಒಪ್ಪಿಗೆ ಪಡೆಯಿತು. ಜಿಎಲ್‌ಪಿ-1 ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ ಬಂದದ್ದು 2022ರಲ್ಲಿ. ಭಾರತದ ಮಾರುಕಟ್ಟೆಗೆ ಟಿರ್ಜೆಪಟೈಡ್, ಮೌಂಜಾರೋ ಎಂಬ ಹೆಸರಿನಲ್ಲಿ, 2025ರ ಮಾರ್ಚ್‌ನಲ್ಲಿ ಬಂದಿತು. ವೆಗೋವಿ ಅದೇ ವರ್ಷ ಜೂನ್‌ನಲ್ಲಿ.

ಫಲವೆಷ್ಟು? 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ 1961 ಮಂದಿ ಭಾಗವಹಿಸಿದ್ದರು. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಕೊಡಲಾಗಿತ್ತು. 68 ವಾರಗಳ ನಂತರ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿದರೆ, ಔಷಧವಿಲ್ಲದ ಬರೀ ದ್ರಾವಣ ಪಡೆದವರಲ್ಲಿ ಇಳಿದದ್ದು ಶೇಕಡಾ 2.4 ಮಾತ್ರ. ನೂರು ಕೆ.ಜಿ. ತೂಗುವವರು ಸುಮಾರು 85ಕ್ಕೆ ಬಂದರು ಎಂದು ಲೆಕ್ಕ ಹಾಕಿಕೊಳ್ಳಿ. ಇದು ಸರಾಸರಿ ಎಂಬುದನ್ನು ಮರೆಯಬಾರದು. ಹೆಚ್ಚು ಇಳಿದವರೂ ಇದ್ದರು, ಏನೂ ಇಳಿಯದವರೂ ಇದ್ದರು. ನೂರು ಕೆ.ಜಿ.ಯನ್ನು ಐವತ್ತೈದು ಮಾಡುವ ಜಾದೂ ಇದರಲ್ಲಿಲ್ಲ.

ಯಾರಿಗೆ ಕೊಡುತ್ತಾರೆ ಎಂಬುದಕ್ಕೆ ಒಂದು ಲೆಕ್ಕವಿದೆ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ. 162 ಸೆಂ.ಮೀ. ಎತ್ತರ, 86 ಕೆ.ಜಿ. ತೂಕದವರಿಗೆ 1.62ರ ವರ್ಗ 2.62, ಉತ್ತರ 32.8. ಇದೇ ಬಿಎಂಐ. ವಯಸ್ಕರಲ್ಲಿ ಇದು 30 ದಾಟಿದ್ದರೆ, ಅಥವಾ 27 ದಾಟಿ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆಯಂಥ ತೊಂದರೆಯಿದ್ದರೆ ಈ ಔಷಧದ ಯೋಚನೆ ಮಾಡಬಹುದು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಬೊಜ್ಜು ಸೇರುವುದರಿಂದ ನಮ್ಮ ತಜ್ಞರು 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎನ್ನುತ್ತಾರೆ; ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಆದರೆ 25 ದಾಟಿದವರಿಗೆಲ್ಲ ಇಂಜೆಕ್ಷನ್ ಎಂದು ಇದರ ಅರ್ಥವಲ್ಲ. ಬಿಎಂಐ 22 ಇದ್ದು, ಅಕ್ಕನ ಮದುವೆಗೆ ನಾಲ್ಕು ಕೆ.ಜಿ. ಇಳಿಸಬೇಕೆನ್ನುವವರಿಗಂತೂ ಇದು ಖಂಡಿತ ಅಲ್ಲ. ಹದಿನೆಂಟು ತುಂಬದವರು ಈ ಲೆಕ್ಕವನ್ನು ತಮಗೆ ತಾವೇ ಅನ್ವಯಿಸಿಕೊಳ್ಳಬಾರದು. ಬೆಳೆಯುವ ಮಕ್ಕಳ ಬಿಎಂಐಯನ್ನು ವಯಸ್ಸಿಗೆ ತಕ್ಕ ಪಟ್ಟಿಯೊಡನೆ ಹೋಲಿಸಿ ನೋಡುತ್ತಾರೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ 12 ವರ್ಷ ಮೇಲ್ಪಟ್ಟ, ಬೊಜ್ಜಿರುವ ಮಕ್ಕಳಿಗೆ ವೆಗೋವಿ ಕೊಡಲು ಒಪ್ಪಿಗೆ ದೊರೆತಿರುವುದು ನಿಜ. ನಿರ್ಧಾರ ಮಾತ್ರ ತಂದೆ ತಾಯಿಯರ ಜೊತೆ ಹೋಗಿ ಕಾಣುವ ಮಕ್ಕಳ ತಜ್ಞರದು.

ವೈದ್ಯರ ಮುಂದೆ ಕುಳಿತಾಗ ಏನು ಹೇಳಬೇಕು? ಸುತ್ತಿ ಬಳಸಿ ಮಂಡಿನೋವು, ಸುಸ್ತು ಎಂದು ಆರಂಭಿಸಿ, ಎದ್ದು ಬರುವಾಗ ಬಾಗಿಲ ಬಳಿ ತೂಕದ ವಿಷಯ ಎತ್ತುವವರೇ ಹೆಚ್ಚು. ನೇರವಾಗಿ ಕೇಳಿ: "ಡಾಕ್ಟ್ರೇ, ನನ್ನ ತೂಕ ಇಷ್ಟಿದೆ. ಇಷ್ಟು ವರ್ಷದಿಂದ ಇಂತಿಂಥ ಪ್ರಯತ್ನ ಮಾಡಿದ್ದೇನೆ. ಔಷಧದ ಅಗತ್ಯ ಇದೆಯೇ ನೋಡಿ." ಕೆಲವು ವೈದ್ಯರು "ಅನ್ನ ಬಿಡಿ, ನಡೆಯಿರಿ" ಎಂದು ಎರಡೇ ಮಾತಿನಲ್ಲಿ ಕಳಿಸಿಬಿಡುವುದುಂಟು. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆಗ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಮೆಡಿಸಿನ್ ವಿಭಾಗದ ಹೊರರೋಗಿ ಚೀಟಿ ಮಾಡಿಸಿ ಇನ್ನೊಬ್ಬರನ್ನು ಕಾಣಬಹುದು. ತೂಕ ಏರಲು ಥೈರಾಯಿಡ್ ಕೊರತೆ, ಹೆಣ್ಣುಮಕ್ಕಳಲ್ಲಿ ಪಿಸಿಓಡಿ, ಬೇರೆ ಕಾಯಿಲೆಗೆ ನುಂಗುತ್ತಿರುವ ಸ್ಟೀರಾಯ್ಡ್ ಮಾತ್ರೆ ಕಾರಣವಾಗಿರಬಹುದೇ ಎಂಬುದನ್ನು ಪರೀಕ್ಷಿಸುವವರು ವೈದ್ಯರು; ಅಂಗಡಿಯವರಲ್ಲ. ನೀವು ತಪ್ಪದೆ ತಿಳಿಸಬೇಕಾದ ಸಂಗತಿಗಳೂ ಇವೆ. ಮನೆತನದಲ್ಲಿ ಯಾರಿಗಾದರೂ ಥೈರಾಯಿಡಿನ ಮೆಡ್ಯುಲರಿ ಎಂಬ ಬಗೆಯ ಕ್ಯಾನ್ಸರ್ ಬಂದಿದ್ದರೆ ಈ ಔಷಧ ಕೊಡುವುದಿಲ್ಲ. ಮೇದೋಜೀರಕ ಗ್ರಂಥಿಯ ಉರಿಯೂತ, ಪಿತ್ತಕೋಶದ ಕಲ್ಲು ಹಿಂದೆ ಆಗಿದ್ದರೆ ಹೇಳಬೇಕು. ಗರ್ಭಿಣಿಯರು ತೆಗೆದುಕೊಳ್ಳುವಂತಿಲ್ಲ, ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಊಟ ಬಿಟ್ಟು ಉಪವಾಸ ಕೂರುವ, ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬಾರದು.

ಚೀಟಿ ಬರೆದ ಮೇಲೂ ಪೂರ್ತಿ ಪ್ರಮಾಣವನ್ನು ಒಮ್ಮೆಗೇ ಕೊಡುವುದಿಲ್ಲ. ವೆಗೋವಿಯಲ್ಲಿ ವಾರಕ್ಕೆ 0.25 ಮಿಲಿಗ್ರಾಮಿನಿಂದ ಆರಂಭಿಸಿ, ನಾಲ್ಕು ನಾಲ್ಕು ವಾರಕ್ಕೆ ಏರಿಸುತ್ತ ನಾಲ್ಕು ತಿಂಗಳ ನಂತರ 2.4 ಮಿಲಿಗ್ರಾಮ್ ಮುಟ್ಟುತ್ತಾರೆ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪ್ರಮಾಣ ಏರಿಸುವಾಗ ಇವು ಹೆಚ್ಚು ಕಾಡುತ್ತವೆ. ಬೆನ್ನಿಗೆ ಹರಡುವ, ಬಿಡದ ಹೊಟ್ಟೆನೋವು ಬಂದರೆ ಮುಂದಿನ ಚುಚ್ಚಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಸೇರಿರುತ್ತದೆ. ಹಸಿವಿಲ್ಲವೆಂದು ಎರಡು ಬಿಸ್ಕತ್ತು, ಕಾಫಿಯಲ್ಲಿ ದಿನ ಕಳೆದರೆ ಮೈ ಸೊರಗುತ್ತದೆ. ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ ತಿನ್ನಬೇಕು, ಸ್ನಾಯುಗಳಿಗೆ ಕೆಲಸ ಕೊಡಬೇಕು.

ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಭಾಗವಹಿಸಿದ ಕೆಲವರನ್ನು ಔಷಧ ನಿಲ್ಲಿಸಿ ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿ ಬಂದಿತ್ತು. ಹೊರಗಿನಿಂದ ಬರುತ್ತಿದ್ದ "ಸಾಕು" ಎಂಬ ಸುದ್ದಿ ನಿಂತಿತು, ಹಸಿವು ಮರಳಿತು. ಬಹುಮಂದಿಗೆ ಇದು ದೀರ್ಘಕಾಲದ ಚಿಕಿತ್ಸೆ. ಹಾಗಾದರೆ ಖರ್ಚು? 2025ರ ಮಾರ್ಚ್‌ನಲ್ಲಿ ಮೌಂಜಾರೋ ಭಾರತಕ್ಕೆ ಬಂದಾಗ ಅತಿ ಕಡಿಮೆ ಪ್ರಮಾಣದ, ಒಂದು ವಾರದ ಸೀಸೆಗೆ 3,500 ರೂಪಾಯಿ ಇತ್ತು. ಅಂದರೆ ನಾಲ್ಕು ವಾರಕ್ಕೆ 14,000. ಸೆಮಾಗ್ಲುಟೈಡ್ ಮೇಲಿನ ಪೇಟೆಂಟಿನ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗಿನದು. ಪೇಟೆಂಟ್ ಮುಗಿದ ಔಷಧವನ್ನು ನಮ್ಮ ದೇಶದ ಕಂಪನಿಗಳೂ ಅನುಮತಿ ಪಡೆದು ತಯಾರಿಸಬಹುದಾದ್ದರಿಂದ ಬೆಲೆ ಇಳಿಯಲು ಅವಕಾಶವಿದೆ. ಮೂರು ತಿಂಗಳಿಗಾಗುವಷ್ಟು ಹಣ ಹೊಂದಿಸಿ, ನಾಲ್ಕನೆಯ ತಿಂಗಳು ಕೈಬಿಡುವ ಯೋಚನೆಯಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳುವುದು ಲೇಸು.

ಚೀಟಿಯಿಲ್ಲದೆ ಕೊಡುವವರ ಸಂಗತಿ. 2023ರಲ್ಲಿ ಆಸ್ಟ್ರಿಯದಲ್ಲಿ ನಕಲಿ ಓಜೆಂಪಿಕ್ ಚುಚ್ಚಿಕೊಂಡ ಕೆಲವರು ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು. ಪೆನ್ನಿನೊಳಗೆ ಇನ್ಸುಲಿನ್ ಇದ್ದಿರಬೇಕೆಂದು ಅಲ್ಲಿನ ಅಧಿಕಾರಿಗಳು ಶಂಕಿಸಿದರು. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಲ್ಲ ದೇಶಗಳನ್ನೂ ಎಚ್ಚರಿಸಿತು. ಅಸಲಿ ಔಷಧಗಳೇ ಕೈಕೊಟ್ಟ ಚರಿತ್ರೆಯೂ ತೂಕದ ವಿಷಯದಲ್ಲಿದೆ. ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ತಿಳಿದು 1997ರಲ್ಲಿ ಅಮೆರಿಕದಲ್ಲಿ ಹಿಂತೆಗೆಯಲಾಯಿತು. ಸಿಬುಟ್ರಮಿನ್ ಭಾರತದಲ್ಲಿ 2011ರಲ್ಲಿ ನಿಷೇಧವಾಯಿತು. ಬಿಲ್ ಕೊಡುವ, ಚೀಟಿ ಕೇಳುವ ಔಷಧಿ ಅಂಗಡಿಯಲ್ಲೇ ಕೊಳ್ಳಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮನೆಗೆ ತಂದ ಮೇಲೆ, ಬಳಸದ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಹೆಪ್ಪುಗಟ್ಟುವ ಮೇಲಿನ ಖಾನೆಯಲ್ಲಿ ಬೇಡ. ಹೆಪ್ಪುಗಟ್ಟಿದ ಔಷಧವನ್ನು ಕರಗಿಸಿ ಬಳಸುವಂತಿಲ್ಲ. ಕರೆಂಟು ಆಗಾಗ ಹೋಗುವ ಊರಿನವರು ಎಷ್ಟು ಹೊತ್ತು ಹೊರಗಿಡಬಹುದೆಂಬುದನ್ನು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಓದಿಕೊಳ್ಳಿ. ಅಕ್ಕ ತಂಗಿಯರು ಒಂದೇ ಪೆನ್ನನ್ನು ಹಂಚಿಕೊಳ್ಳುವುದು ಸೂಜಿ ಬದಲಿಸಿದರೂ ಕೂಡದು. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಮುಂದಿನ ಭೇಟಿಗೆ ಹೋದಾಗ ಆಸ್ಪತ್ರೆಯಲ್ಲಿ ಕೊಟ್ಟುಬನ್ನಿ.