ಲೇಸರ್ ದೂರಮಾಪಕ: ಕೊಳ್ಳುವ ಮುನ್ನ ತಿಳಿದಿರಲಿ



ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಒಂದು ಕಣ್ಣಿಗೆ ಹಿಡಿದು ನೋಡುವ ಲೇಸರ್ ದೂರಮಾಪಕವು ಈಗ ನಮ್ಮ ಪೇಟೆಗಳಲ್ಲಿಯೂ ದೊರೆಯುತ್ತದೆ. ರೇಂಜ್‌ಫೈಂಡರ್ ಎಂದು ಇದರ ಹೆಸರು. ಹೊರದೇಶಗಳಲ್ಲಿ ಬಿಲ್ಲು ಮತ್ತು ರೈಫಲ್ ಹಿಡಿದು ಬೇಟೆಯಾಡುವವರು, ಗಾಲ್ಫ್ ಆಡುವವರು ಇದನ್ನು ಬಳಸುತ್ತಾರೆ. ನಮ್ಮ ತೋಟಕ್ಕೆ ಇದರಿಂದ ಏನು ಪ್ರಯೋಜನ, ಎಂಥದನ್ನು ಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಗುಂಡು ಹೊಡೆಯುವುದಷ್ಟೇ ಅಲ್ಲ, ಉರುಳು ಒಡ್ಡುವುದೂ ಬೇಟೆಯೇ. ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಕೊಟ್ಟ ಅನುಮತಿಯಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ಚಿರತೆಗೆ ನಾಲ್ವರು ಬಲಿಯಾದುದನ್ನು ನಾವು ಮರೆತಿಲ್ಲ. ಚಿರತೆ ಕಂಡಾಗ ದೂರ ಅಳೆಯುತ್ತಾ ನಿಲ್ಲಬಾರದು. ಜಾಗ ಬಿಟ್ಟು ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಆದ್ದರಿಂದ ಬೇಟೆಯ ಆಸೆಗೆ ಈ ಉಪಕರಣವನ್ನು ಕೊಳ್ಳಬೇಡಿ. ಅಳತೆಯ ಕೆಲಸ ಇದ್ದರೆ ಮಾತ್ರ ಕೊಳ್ಳಿ.

ಕೆಲಸ ಮಾಡುವ ಬಗೆ: ಗುಂಡಿ ಒತ್ತಿದೊಡನೆ ಕಣ್ಣಿಗೆ ಕಾಣದ ಬೆಳಕಿನ ಮಿಡಿತವೊಂದು ಹೊರಟು, ಎದುರಿನ ವಸ್ತುವಿಗೆ ತಾಗಿ ಹಿಂದಿರುಗುತ್ತದೆ. ಹೋಗಿ ಬರಲು ಹಿಡಿದ ಕಾಲದಿಂದ ಉಪಕರಣವು ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವುದರಿಂದ ಕಾಲದ ಎಣಿಕೆ ಅತಿ ಸೂಕ್ಷ್ಮವಾಗಿರಬೇಕು. ಅಗ್ಗದ ಉಪಕರಣಗಳಲ್ಲಿ 1 ಮೀಟರಿನಷ್ಟು ಹೆಚ್ಚುಕಡಿಮೆ ಬರುವುದು ಇದರಿಂದಲೇ.

ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು:

1. ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 1000 ಎಂದು ಬರೆದಿದ್ದರೆ ಅದು ಹೊಳೆಯುವ ಫಲಕಕ್ಕೆ ಸಿಗುವ ದೂರ. ಮರದ ಕಾಂಡಕ್ಕೆ, ಪ್ರಾಣಿಯ ಮೈಗೆ ಅದಕ್ಕಿಂತ ಬಹಳ ಕಡಿಮೆ. ಆ ಅಂಕಿ ಗಜವೋ ಮೀಟರೋ ಎಂದೂ ನೋಡಿ. 1 ಗಜ ಎಂದರೆ 0.914 ಮೀಟರು. ಸಣ್ಣ ಹಿಡುವಳಿಗೆ 200 ಮೀಟರು ನಂಬಿಕೆಯಿಂದ ಅಳೆದರೆ ಸಾಕು. ಅದಕ್ಕಿಂತ ಹೆಚ್ಚಿನ ದೂರಕ್ಕೆ ಕೊಡುವ ಹಣ ವ್ಯರ್ಥ.

2. ಕೋನ ಅಳೆಯುವ ಸೌಲಭ್ಯ ಇರಲಿ. ಮರದ ಮೇಲಿನ ಅಟ್ಟಣಿಗೆಯಿಂದ ಬಾಣ ಬಿಡುವವರಿಗೆಂದು ಇದನ್ನು ಸೇರಿಸಿದರು. ಇಳಿಜಾರಿನ ಕಾಫಿ ತೋಟಕ್ಕೂ ಇದು ಬೇಕು. 30 ಡಿಗ್ರಿ ಇಳಿಜಾರಿನಲ್ಲಿ 100 ಮೀಟರು ಅಳೆದರೆ ಸಮತಟ್ಟಿನ ದೂರ 87 ಮೀಟರು ಮಾತ್ರ. ಬೇಲಿಯ ತಂತಿಗೆ ಮೊದಲನೆಯ ಲೆಕ್ಕ, ವಿಸ್ತೀರ್ಣಕ್ಕೆ ಎರಡನೆಯದು.

3. ಎಲೆಗಳ ಹಿಂದಿನ ವಸ್ತುವನ್ನು ಗುರುತಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಬೇಟೆಗೆಂದು ಮಾಡಿದವುಗಳಲ್ಲಿ ಇದು ಸಾಮಾನ್ಯ. ಗಾಲ್ಫಿನವು ಹತ್ತಿರದ ವಸ್ತುವನ್ನೇ ಹಿಡಿಯುವುದರಿಂದ ತೋಟದೊಳಗೆ ಅಡ್ಡ ಬಂದ ಸೋಗೆಯ ದೂರವನ್ನೇ ತೋರಿಸಬಹುದು.

4. ಮನೆ ಕಟ್ಟುವವರು ಬಳಸುವ ಕೆಂಪು ಚುಕ್ಕೆಯ ಮಾಪಕ ಇದಕ್ಕಿಂತ ನಿಖರ. ಆದರೆ ಬಿಸಿಲಿನಲ್ಲಿ ಚುಕ್ಕೆ ಕಾಣುವುದಿಲ್ಲ. ಗೋದಾಮು, ಒಣಗಿಸುವ ಕಣಗಳಿಗೆ ಮಾತ್ರ ಅದು ಯೋಗ್ಯ.

ಅಡಿಕೆ ಮರದ ಎತ್ತರ: ನಮಗೆ ಹೆಚ್ಚಿನ ಉಪಯೋಗ ಇಲ್ಲಿಯೇ. ಕೊಯ್ಲಿಗೂ ಬೋರ್ಡೋ ಸಿಂಪಡಣೆಗೂ ಫೈಬರ್ ದೋಟಿ ಕೊಳ್ಳುವವರು ಮರದ ಎತ್ತರವನ್ನು ಅಂದಾಜಿನಲ್ಲಿ ಹೇಳಿ, ದೋಟಿ ಗಿಡ್ಡವಾಗಿ ಪೇಚಾಡುತ್ತಾರೆ. ಇಲ್ಲವೇ ಬೇಡದ ಉದ್ದಕ್ಕೆ ಹಣ ಸುರಿದು ಅದರ ಭಾರ ಹೊರುತ್ತಾರೆ. ತಾಂಡ್ಯದ ಕಡೆಯ ಸಮನೆಲದ ತೋಟದಲ್ಲಿ ಲೆಕ್ಕ ಸುಲಭ. ನಿಂತಲ್ಲಿಂದ ಕಣ್ಣಿನ ಮಟ್ಟದಲ್ಲಿ ಕಾಂಡಕ್ಕೆ 12 ಮೀಟರು, ಗೊನೆಗೆ 20 ಮೀಟರು ಬಂದಿತೆನ್ನಿ. 20ರ ವರ್ಗ 400, 12ರ ವರ್ಗ 144, ಕಳೆದರೆ 256, ಅದರ ವರ್ಗಮೂಲ 16. ಇದಕ್ಕೆ ಕಣ್ಣಿನ ಎತ್ತರ ಒಂದೂವರೆ ಮೀಟರು ಕೂಡಿಸಿದರೆ 17.5 ಮೀಟರು, ಅಂದರೆ ಸುಮಾರು 57 ಅಡಿ. ಒಂದು ಮೀಟರಿನ ತಪ್ಪು ಎತ್ತರದಲ್ಲಿ ನಾಲ್ಕು ಅಡಿಗೂ ಮೀರಬಹುದು. ಆದ್ದರಿಂದ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ತೋಟದ ಅತಿ ಎತ್ತರದ ನಾಲ್ಕೈದು ಮರಗಳನ್ನು ಅಳೆದರೆ ಸಾಕು.

ಇದರಿಂದ ಆಗದ ಕೆಲಸಗಳೂ ಇವೆ. 9 ಅಡಿ ಅಂತರದಲ್ಲಿ ಸಸಿ ನೆಡಲು ಹಗ್ಗ, ಟೇಪುಗಳೇ ಸರಿ. ಮಂಜು ಮತ್ತು ಜಡಿಮಳೆಯಲ್ಲಿ ಅಳತೆಯನ್ನು ನಂಬಬಾರದು. ಗಡಿಯ ತಕರಾರಿಗೆ ಸರ್ವೆಯವರ ಅಳತೆಯೇ ಪ್ರಮಾಣ. ದುರ್ಬೀನಿನಿಂದ ಸೂರ್ಯನನ್ನು ನೋಡುವುದು, ಲೇಸರನ್ನು ಯಾರ ಕಣ್ಣಿಗಾದರೂ ಹಿಡಿಯುವುದು ಸಲ್ಲದು.

ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಉಪಕರಣವಿದು. ನೆರೆಹೊರೆಯ ಐದಾರು ಬೆಳೆಗಾರರು ಕೂಡಿ ಒಂದನ್ನು ಕೊಂಡರೆ ಎಲ್ಲರಿಗೂ ಹಗುರ. ಕೊಳ್ಳುವ ಮುನ್ನ ಅಂಗಡಿಯ ಹೊರಗೆ ಟೇಪಿನಿಂದ 30 ಮೀಟರು ಅಳೆದು, ಉಪಕರಣ ಅದನ್ನೇ ತೋರಿಸುತ್ತದೆಯೇ ಎಂದು ಪರೀಕ್ಷಿಸಿ, ಅನಂತರವೇ ಹಣ ಕೊಡಿ.