ಥಾಯ್ ಹಳ್ಳಿಯ ಪರಂಗಿ ಅಳಿಯನ ಆರೋಗ್ಯ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಹುಟ್ಟಿದ ಊರಿನಲ್ಲೇ ಬಾಳುವವರಿಗೆ ಈ ಎರಡೂ ತಾವಾಗಿಯೇ ಒದಗಿ ಬರುತ್ತವೆ. ಆದರೆ ಅರವತ್ತು ದಾಟಿದ ಮೇಲೆ ಊಟವೂ ಬೇರೆ, ಮಾತೂ ಬೇರೆ, ಹವೆಯೂ ಬೇರೆಯಾದ ನಾಡಿಗೆ ಹೋಗಿ ಮನೆ ಹೂಡಿದರೆ ಗತಿಯೇನು? ಥಾಯ್ಲೆಂಡಿನ ಹಳ್ಳಿಗಳಲ್ಲಿ ನೆಲೆಸಿರುವ ಬ್ರಿಟಿಷ್ ನಿವೃತ್ತರ ದಿನಚರಿಯಲ್ಲಿ ಇದಕ್ಕೆ ಉತ್ತರವಿದೆ. ಅದರಲ್ಲಿ ನಾವು ಕಲಿಯಬೇಕಾದದ್ದೂ ಇದೆ.

ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ಇಸಾನ್ ಎಂದು ಹೆಸರು. 20 ಪ್ರಾಂತಗಳಿರುವ ಈ ಪ್ರಸ್ಥಭೂಮಿಯಲ್ಲಿ ಎಲ್ಲಿ ನೋಡಿದರೂ ಭತ್ತದ ಗದ್ದೆ, ಕಬ್ಬು, ಮರಗೆಣಸಿನ ಹೊಲ. ಇಲ್ಲಿನ ಹೆಂಗಸರನ್ನು ಮದುವೆಯಾಗಿ, ಕೆಲಸದಿಂದ ನಿವೃತ್ತರಾದ ಮೇಲೆ ಹೆಂಡತಿಯ ತವರೂರಿಗೇ ಬಂದು ಮನೆ ಕಟ್ಟಿಸಿಕೊಂಡ ಬ್ರಿಟಿಷರು ಉಡೋನ್ ಥಾನಿ, ಖೋನ್ ಕೇನ್ ಮೊದಲಾದ ಪ್ರಾಂತಗಳ ಹಳ್ಳಿಗಳಲ್ಲಿ ಸಿಗುತ್ತಾರೆ. ಬಿಳಿಯರನ್ನು ಅಲ್ಲಿನವರು ‘ಫರಾಂಗ್’ ಎನ್ನುತ್ತಾರೆ. ನಮ್ಮ ‘ಪರಂಗಿ’ಯ ನೆಂಟ ಪದವೇ ಅದು. ಊರಿನ ಬಾಯಲ್ಲಿ ಈತ ‘ಖೋಯ್ ಫರಾಂಗ್’, ಅಂದರೆ ಪರಂಗಿ ಅಳಿಯ.

ಇಂಥ ಒಬ್ಬ ಅಳಿಯನನ್ನು ಕಲ್ಪಿಸಿಕೊಳ್ಳಿ. ವಯಸ್ಸು 68. ರಕ್ತದೊತ್ತಡಕ್ಕೆ ಒಂದು ಮಾತ್ರೆ, ಮಧುಮೇಹಕ್ಕೆ ಇನ್ನೊಂದು. ಹಾವು, ಚೇಳುಗಳಿಗೆ ಆತ ಹೆದರುತ್ತಾನೆ. ಆದರೆ ಅವನಿಗೆ ನಿಜವಾದ ಅಪಾಯ ಇರುವುದು ಕಣ್ಣಿಗೆ ಬೀಳದ ಕಡೆಗಳಲ್ಲಿ.

ಬಿಸಿಲೆಂಬ ಮೊದಲ ಪರೀಕ್ಷೆ

ಹಳ್ಳಿಯ ದಿನ ಬೇಗ ಶುರುವಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಎದ್ದರೆ ಊರ ಮುಖ್ಯಸ್ಥನ ಧ್ವನಿವರ್ಧಕದ ಪ್ರಕಟಣೆ ಕೇಳಿಸುತ್ತದೆ, ಭಿಕ್ಷಾಪಾತ್ರೆ ಹಿಡಿದ ಬೌದ್ಧ ಭಿಕ್ಷುಗಳು ಮನೆಯ ಮುಂದೆ ಹಾದುಹೋಗುತ್ತಾರೆ. ಊರಿನವರು ಹೊಲದ ಕೆಲಸವನ್ನು ಬಿಸಿಲೇರುವ ಮುನ್ನವೇ ಮುಗಿಸಿ ನೆರಳು ಸೇರುತ್ತಾರೆ. ಮಾರ್ಚ್‌ನಿಂದ ಮೇವರೆಗಿನ ಬೇಸಗೆಯಲ್ಲಿ ಇಸಾನಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಇಂಗ್ಲೆಂಡಿನಲ್ಲಿ ಬಿಸಿಲು ಕಂಡರೆ ಹಬ್ಬ. ಅದೇ ಅಭ್ಯಾಸದಲ್ಲಿ ನಮ್ಮ ಅಳಿಯ ನಡುಹಗಲಿನಲ್ಲಿ ಟೋಪಿಯಿಲ್ಲದೆ ತೋಟಕ್ಕಿಳಿಯುತ್ತಾನೆ.

ಶರೀರ ಸೆಕೆಗೆ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕು. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ಜತೆಗೆ ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತವೆ. ತಲೆಸುತ್ತು, ಸ್ನಾಯು ಸೆಳೆತ, ಕಡು ಹಳದಿ ಮೂತ್ರ ಇವು ಮೊದಲ ಸೂಚನೆಗಳು. ಮೈ ಕೆಂಡದಂತೆ ಸುಟ್ಟು ಮಾತು ತೊದಲಿದರೆ ಅದು ಶಾಖಾಘಾತ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯುವುದೇ ಮದ್ದು. ಬಿಯರ್ ಈ ಲೆಕ್ಕಕ್ಕೆ ಬರುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು.

ತಟ್ಟೆಯಲ್ಲಿ ಏನಿದೆ?

ಮಧ್ಯಾಹ್ನ ಚಾಪೆಯ ಮೇಲೆ ಎಲ್ಲರೂ ಸುತ್ತ ಕುಳಿತು ಉಣ್ಣುವುದು ಇಸಾನಿನ ಸೊಗಸು. ಬಿದಿರು ಬುಟ್ಟಿಯಲ್ಲಿ ಜಿಗುಟು ಅಕ್ಕಿಯ ಅನ್ನ, ಪರಂಗಿಕಾಯಿ ತುರಿಗೆ ಮೆಣಸಿನಕಾಯಿ, ನಿಂಬೆ ಹಾಕಿ ಕುಟ್ಟಿದ ‘ಸೋಮ್ ತಮ್’, ಸುಟ್ಟ ಕೋಳಿ, ಸೊಪ್ಪುಗಳು. ಬಹುಪಾಲು ಒಳ್ಳೆಯ ಆಹಾರವೇ. ಜಿಗುಟು ಅನ್ನ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮೀನಿನ ಸಾರ ಮತ್ತು ಹುದುಗು ಬರಿಸಿದ ಮೀನು ‘ಪ್ಲಾ ರಾ’ಗಳಲ್ಲಿ ಉಪ್ಪು ವಿಪರೀತ. ಮಧುಮೇಹಿ, ರಕ್ತದೊತ್ತಡದ ರೋಗಿ ಇವುಗಳನ್ನು ಮಿತವಾಗಿ ತಿಂದರೆ ಸಾಕು.

ಮುಟ್ಟಲೇಬಾರದ್ದು ಒಂದಿದೆ. ಅದು ‘ಕೋಯ್ ಪ್ಲಾ’, ಅಂದರೆ ಕೆರೆಯ ಹಸಿ ಮೀನನ್ನು ಕೊಚ್ಚಿ ನಿಂಬೆರಸ, ಖಾರ ಬೆರೆಸಿದ ತಿನಿಸು. ಇಸಾನಿನ ಸಿಹಿನೀರಿನ ಮೀನುಗಳಲ್ಲಿ ಯಕೃತ್ತಿನ ಚಪ್ಪಟೆ ಹುಳುವಿನ ಮರಿಗಳು ಅಡಗಿರುತ್ತವೆ. ರೋಗಿಯ ಮಲದಲ್ಲಿನ ಮೊಟ್ಟೆ ನೀರು ಸೇರಿ ಬಸವನಹುಳುವಿಗೆ, ಅಲ್ಲಿಂದ ಮೀನಿಗೆ, ಮೀನಿನಿಂದ ಮತ್ತೆ ಮನುಷ್ಯನಿಗೆ ಬರುವ ಚಕ್ರವಿದು. ಹುಳು ಪಿತ್ತನಾಳದಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ. ಕೊನೆಗೆ ಕೆಲವರಲ್ಲಿ ಪಿತ್ತನಾಳದ ಕ್ಯಾನ್ಸರ್ ತಲೆಯೆತ್ತುತ್ತದೆ. ಈ ಕ್ಯಾನ್ಸರಿನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವುದು ಈಶಾನ್ಯ ಥಾಯ್ಲೆಂಡಿನಲ್ಲಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಈ ಹುಳುವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ನಿಂಬೆಹುಳಿ, ಮೆಣಸು, ಮದ್ಯ ಯಾವುದೂ ಆ ಮರಿಗಳನ್ನು ಕೊಲ್ಲುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಹುಳು ಹೋಗುತ್ತದೆ, ನಿಜ. ಆದರೆ ಮಾತ್ರೆಯಿದೆ ಎಂಬ ಧೈರ್ಯದಿಂದ ಮತ್ತೆ ಮತ್ತೆ ತಿಂದರೆ ಪಿತ್ತನಾಳಕ್ಕೆ ಮತ್ತೆ ಮತ್ತೆ ಗಾಯ. ಮಾವನ ಮನೆಯಲ್ಲಿ ಬಡಿಸಿದ್ದನ್ನು ಬೇಡ ಎನ್ನುವುದು ಕಷ್ಟ. ಆದರೆ ‘ಬೇಯಿಸಿ ಕೊಡಿ’ ಎಂದರೆ ಯಾರೂ ಬೇಸರಪಡುವುದಿಲ್ಲ. ಅದಕ್ಕೆ ಬೇಕಾದ ಎರಡು ಥಾಯ್ ಪದಗಳನ್ನು ಕಲಿತರೆ ಜೀವ ಉಳಿದೀತು.

ಕೆಸರಿನಲ್ಲಿ ಕಾದಿರುವ ಕಾಯಿಲೆ

ಜೂನ್ ಹೊತ್ತಿಗೆ ಮಳೆ ಹಿಡಿಯುತ್ತದೆ. ನಾಟಿಯ ಕಾಲ. ಮನೆಮಂದಿಯೆಲ್ಲ ಗದ್ದೆಗಿಳಿದಾಗ ಅಳಿಯನೊಬ್ಬ ಜಗಲಿಯಲ್ಲಿ ಕೂರಲಾದೀತೇ? ಅವನೂ ಬರಿಗಾಲಿನಲ್ಲಿ ಇಳಿಯುತ್ತಾನೆ. ಹವಾಯಿ ಚಪ್ಪಲಿ ಕಚ್ಚಿದ ಚಿಕ್ಕ ಗಾಯ ಕಾಲಲ್ಲಿದೆ; ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವುದರಿಂದ ಅದು ಅವನಿಗೆ ತಿಳಿದೇ ಇಲ್ಲ.

ಈ ಕೆಸರಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾದಿಂದ ಬರುವ ರೋಗ ಮೆಲಿಯಾಯ್ಡೋಸಿಸ್. ಇದನ್ನು 1912ರಲ್ಲಿ ಮೊದಲು ವರದಿ ಮಾಡಿದವರು ರಂಗೂನಿನಲ್ಲಿದ್ದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು. ಗಾಯದ ಮೂಲಕ, ಕುದಿಸದ ನೀರಿನ ಮೂಲಕ, ಬಿರುಮಳೆಯಲ್ಲಿ ಉಸಿರಿನ ಮೂಲಕವೂ ಇದು ಒಳಹೊಗುತ್ತದೆ. ಗಟ್ಟಿ ಆರೋಗ್ಯದವರನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಮಧುಮೇಹಿಗಳು, ಮೂತ್ರಪಿಂಡದ ರೋಗಿಗಳು, ವಿಪರೀತ ಕುಡಿಯುವವರು ಇದಕ್ಕೆ ಸುಲಭದ ತುತ್ತು. ಒಬ್ಬರಿಗೆ ನ್ಯುಮೋನಿಯದಂತೆ, ಮತ್ತೊಬ್ಬರಿಗೆ ಕ್ಷಯದಂತೆ, ಇನ್ನೊಬ್ಬರಿಗೆ ಯಕೃತ್ತಿನಲ್ಲಿ ಕೀವುಗಟ್ಟಿದಂತೆ ತೋರುವುದರಿಂದ ರೋಗ ಗುರುತಿಸುವುದೇ ಕಷ್ಟ. ಈಶಾನ್ಯ ಥಾಯ್ಲೆಂಡಿನ ಆಸ್ಪತ್ರೆಗಳ ಅಧ್ಯಯನಗಳಲ್ಲಿ ಈ ರೋಗದ 100 ಮಂದಿಯಲ್ಲಿ ಸುಮಾರು 40 ಮಂದಿ ತೀರಿಕೊಂಡದ್ದು ದಾಖಲಾಗಿದೆ.

ಇದು ದೂರದ ದೇಶದ ಕಥೆ ಎಂದುಕೊಳ್ಳಬೇಡಿ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲೂ ಮಳೆಗಾಲದಲ್ಲಿ ಈ ರೋಗ ಕಾಣಿಸುತ್ತದೆ. ಮಣಿಪಾಲದ ವೈದ್ಯರು ಇದರ ಬಗ್ಗೆ ಹಲವು ವರ್ಷಗಳಿಂದ ಬರೆಯುತ್ತಲೇ ಬಂದಿದ್ದಾರೆ. ಅಲ್ಲಿನಂತೆ ಇಲ್ಲೂ ಗದ್ದೆ, ಮಳೆ, ಮಧುಮೇಹ ಮೂರೂ ಒಟ್ಟಾಗಿವೆ. ಎಚ್ಚರವೂ ಒಂದೇ: ಮಧುಮೇಹಿಗಳು ಕೆಸರಿಗಿಳಿಯುವಾಗ ಗಂಬೂಟು, ಕೈಗವಸು ತೊಡಬೇಕು, ಗಾಯವಿದ್ದರೆ ಇಳಿಯಲೇಬಾರದು, ಮನೆಗೆ ಬಂದೊಡನೆ ಸೋಪು ಹಚ್ಚಿ ತೊಳೆದು ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು, ನೀರು ಕುದಿಸಿ ಕುಡಿಯಬೇಕು.

ಜ್ವರ ಬಂದ ಮೊದಲ ದಿನ

ನಮ್ಮ ಅಳಿಯನಿಗೆ ನಾಟಿ ಮುಗಿದ ಹತ್ತು ದಿನಕ್ಕೆ ಚಳಿಜ್ವರ ಬಂತೆನ್ನಿ. ಮೂಲೆಯಂಗಡಿಯಲ್ಲಿ ‘ಯಾ ಚುತ್’ ಸಿಗುತ್ತದೆ. ಹಲವು ಬಗೆಯ ಮಾತ್ರೆಗಳನ್ನು ಒಂದೇ ಪೊಟ್ಟಣಕ್ಕೆ ಹಾಕಿ ಕಾನೂನಿಗೆ ವಿರುದ್ಧವಾಗಿ ಮಾರುವ ಸರಕು ಇದು. ಇಂಥ ಪೊಟ್ಟಣಗಳಲ್ಲಿ ಅನೇಕ ವೇಳೆ ಸ್ಟಿರಾಯ್ಡ್ ಇರುತ್ತದೆ. ನುಂಗಿದ ಸಂಜೆ ಹಾಯೆನಿಸುತ್ತದೆ. ಆದರೆ ಸ್ಟಿರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ, ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ. ಒಳಗಿನ ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ಸಹಾಯ ಬೇಕಿಲ್ಲ.

ಮಳೆಗಾಲದ ಜ್ವರ ಡೆಂಗೆಯೂ ಆಗಿರಬಹುದು. ಇಸಾನಿನ ಮನೆಗಳ ಪಕ್ಕ ಮಳೆನೀರು ತುಂಬಿಡುವ ದೊಡ್ಡ ಗುಡಾಣಗಳಿರುತ್ತವೆ. ಮುಚ್ಚಳವಿಲ್ಲದಿದ್ದರೆ ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಅದೇ ತೊಟ್ಟಿಲು. ಡೆಂಗೆಯ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಹೃದಯಕ್ಕಾಗಿ ವೈದ್ಯರೇ ಆಸ್ಪಿರಿನ್ ಬರೆದುಕೊಟ್ಟಿದ್ದರೆ ತಾನಾಗಿ ನಿಲ್ಲಿಸದೆ ಅವರನ್ನೇ ಕೇಳಬೇಕು.

ಆದ್ದರಿಂದ ನಿಯಮವಿಷ್ಟೆ: ಮಧುಮೇಹಿಗೆ ಮಳೆಗಾಲದಲ್ಲಿ ಜ್ವರ ಬಂದರೆ ಅಂಗಡಿಗಲ್ಲ, ಆಸ್ಪತ್ರೆಗೆ. ‘ನನಗೆ ಸಕ್ಕರೆ ಕಾಯಿಲೆಯಿದೆ, ಗದ್ದೆಗೆ ಇಳಿದಿದ್ದೆ’ ಎಂದು ಹೇಳಬೇಕು. ಈ ಒಂದು ವಾಕ್ಯ ಕೇಳಿದ ವೈದ್ಯರು ರಕ್ತದ ಕಲ್ಚರ್ ಪರೀಕ್ಷೆ ಮಾಡಿಸುವ ಸಂಭವ ಹೆಚ್ಚು. ಮೆಲಿಯಾಯ್ಡೋಸಿಸ್‌ಗೆ ಸಾಮಾನ್ಯ ಪೆನಿಸಿಲಿನ್ ನಾಟುವುದಿಲ್ಲ. ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ ಬೇರೆ ಔಷಧ, ಆಮೇಲೆ ಮೂರು ತಿಂಗಳಾದರೂ ಮಾತ್ರೆ ಬೇಕು. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ಆಪತ್ತಿಗಾದವನೇ ನೆಂಟ

ಆ ವಾಕ್ಯ ಹೇಳುವುದು ಹೇಗೆ? ಇಸಾನಿನವರ ಮನೆಮಾತು ಲಾವೋ ಭಾಷೆಗೆ ಹತ್ತಿರದ್ದು. ಅನೇಕ ಅಳಿಯಂದಿರ ಥಾಯ್ ಜ್ಞಾನ ನಮಸ್ಕಾರ, ಊಟ, ಬೆಲೆಗಳಿಗೆ ಮುಗಿಯುತ್ತದೆ. ಎಲ್ಲಕ್ಕೂ ಹೆಂಡತಿಯೇ ದುಭಾಷಿ. ಆಕೆ ಊರಿಗೆ ಹೋದ ದಿನವೇ ಎದೆನೋವು ಬಂದರೆ? ದಿನವೆಲ್ಲ ಮಾತಿಗೆ ಜನವಿಲ್ಲದ ಬೇಸರಕ್ಕೆ ಸಂಜೆಯ ಗ್ಲಾಸು ಮಧ್ಯಾಹ್ನಕ್ಕೇ ಸರಿಯುವುದೂ ಉಂಟು. ಭಾಷೆ ಕಲಿಯುವುದು ಕೇವಲ ಮರ್ಯಾದೆಯ ವಿಷಯವಲ್ಲ, ಆರೋಗ್ಯದ ವಿಷಯ.

ಸಮಾಧಾನದ ಸಂಗತಿಯೆಂದರೆ, ಥಾಯ್ ಹಳ್ಳಿ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಪ್ರತಿ ಹಳ್ಳಿಯಲ್ಲೂ ಆರೋಗ್ಯ ಸ್ವಯಂಸೇವಕರಿದ್ದಾರೆ. ದೇಶದಲ್ಲಿ ಇವರ ಸಂಖ್ಯೆ 10 ಲಕ್ಷಕ್ಕೂ ಹೆಚ್ಚು. ನೆರೆಯ ಒಂದಷ್ಟು ಮನೆಗಳ ಹೊಣೆ ಹೊತ್ತು ರಕ್ತದೊತ್ತಡ ನೋಡುವುದು, ಗುಡಾಣಗಳಲ್ಲಿ ಸೊಳ್ಳೆಮರಿ ಹುಡುಕುವುದು, ಹಾಸಿಗೆ ಹಿಡಿದವರನ್ನು ವಿಚಾರಿಸುವುದು ಇವರ ಕೆಲಸ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆದುಕೊಳ್ಳಿ. ಪರಂಗಿ ಅಳಿಯ ಮೊದಲು ಪರಿಚಯ ಮಾಡಿಕೊಳ್ಳಬೇಕಾದ್ದು ಇವರನ್ನು.

ಹಣದ ಚಿಂತೆ

ಬ್ರಿಟನ್ನಿನಲ್ಲಿ 1948ರಿಂದ ಎಲ್ಲರಿಗೂ ಸರ್ಕಾರಿ ವೈದ್ಯಕೀಯ ಸೇವೆಯಿದೆ. ಆದರೆ ಅದು ಆ ದೇಶದಲ್ಲಿ ವಾಸಿಸುವವರಿಗೆ. ಕಾಯಂ ಆಗಿ ಹೊರಗೆ ನೆಲೆಸಿದವರ ಹಿಂದೆ ಅದು ಬರುವುದಿಲ್ಲ. ಥಾಯ್ಲೆಂಡಿನ ಪ್ರಸಿದ್ಧ ‘30 ಬಾತ್’ ಚಿಕಿತ್ಸಾ ಯೋಜನೆ ಥಾಯ್ ಪ್ರಜೆಗಳಿಗೆ. ಹೀಗೆ ನಿವೃತ್ತ ಅಳಿಯ ಎರಡರ ನಡುವೆ ಬೀಳುತ್ತಾನೆ. ಮೇಲಾಗಿ ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಸ್ವದೇಶದಲ್ಲಿ ವರ್ಷ ವರ್ಷ ಏರಿದರೂ ಥಾಯ್ಲೆಂಡಿನಲ್ಲಿ ನೆಲೆಸಿದವರಿಗೆ ಏರುವುದಿಲ್ಲ. ವಿಮೆಯ ಕಂತು ಮಾತ್ರ ವಯಸ್ಸಿನೊಡನೆ ಏರುತ್ತದೆ. ವಿಮೆ ಕೈಬಿಡುವ ಯೋಚನೆ ಬರುವುದು ಆಗಲೇ, ಅಂದರೆ ಅದು ಅತಿ ಹೆಚ್ಚು ಬೇಕಾಗುವ ವಯಸ್ಸಿನಲ್ಲಿ.

ವಿಮೆ ಸಾಧ್ಯವಾಗದವರು ಆಸ್ಪತ್ರೆಗೆಂದೇ ಒಂದು ಮೊತ್ತವನ್ನು ಬೇರೆ ಇಟ್ಟು, ಅದು ಹೆಂಡತಿಯ ಕೈಗೂ ಸಿಗುವಂತೆ ಮಾಡಬೇಕು. ಸರ್ಕಾರಿ ಆಸ್ಪತ್ರೆಗಳು ವಿದೇಶಿಯರಿಗೂ ಶುಲ್ಕ ಪಡೆದು ಚಿಕಿತ್ಸೆ ನೀಡುತ್ತವೆ. ದೊಡ್ಡ ಖಾಸಗಿ ಆಸ್ಪತ್ರೆಗಳಿಗಿಂತ ಅಲ್ಲಿ ಖರ್ಚು ಬಹಳ ಕಡಿಮೆ. ಮೋಟಾರ್ ಸೈಕಲ್ ಓಡಿಸುವವರಿಗೆ ಇನ್ನೊಂದು ಮಾತು: ಥಾಯ್ಲೆಂಡಿನಲ್ಲಿ ರಸ್ತೆ ಸಾವುಗಳಲ್ಲಿ ಹೆಚ್ಚಿನವು ದ್ವಿಚಕ್ರ ಸವಾರರದು. ಹೆಲ್ಮೆಟ್, ಸರಿಯಾದ ಪರವಾನಗಿ ಇಲ್ಲದಿದ್ದರೆ ವಿಮೆ ಇದ್ದರೂ ಹಣ ಸಿಗದೆ ಹೋಗಬಹುದು.

ಗೋಡೆಯ ಮೇಲಿನ ಚೀಟಿ

ಕೊನೆಗೆ ಒಂದು ಚಿಕ್ಕ ಕೆಲಸ. ಒಂದು ಹಾಳೆಯ ಮೇಲೆ ಥಾಯ್ ಮತ್ತು ಇಂಗ್ಲಿಷ್ ಎರಡರಲ್ಲೂ ಇಷ್ಟು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಬೇಕು: ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆಗಳು, ತೆಗೆದುಕೊಳ್ಳುವ ಔಷಧಗಳು, ಒಗ್ಗದ ಔಷಧಗಳು, ಸ್ವಯಂಸೇವಕಿಯ ದೂರವಾಣಿ, ಹಾಗೂ ಥಾಯ್ಲೆಂಡಿನ ತುರ್ತು ವೈದ್ಯಕೀಯ ಸಂಖ್ಯೆ 1669. ಅದರದೇ ಪ್ರತಿ ಜೇಬಿನಲ್ಲೂ ಇರಲಿ. ಮಾತು ನಿಂತಾಗ ಆ ಚೀಟಿ ಮಾತಾಡುತ್ತದೆ.

ಇಂಥ ಚೀಟಿ ಬೇಕಾದದ್ದು ಪರಂಗಿ ಅಳಿಯನಿಗೆ ಮಾತ್ರವೇ? ಮಕ್ಕಳು ದೂರದೂರಿನಲ್ಲಿದ್ದು, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಈ ಭಾನುವಾರ ನಿಮ್ಮ ಹಿರಿಯರ ಬಳಿ ಕುಳಿತು ಅವರ ಚೀಟಿಯನ್ನೂ ಬರೆಯಿರಿ. ಅಲ್ಲಿ ತುರ್ತು ಸಂಖ್ಯೆಯ ಜಾಗದಲ್ಲಿ ನಮ್ಮ 108 ಇರಲಿ.