ಕುದುರೆಗೆ ಎಂಥ ಬೇಲಿ ಕಟ್ಟಬೇಕು?



ಕುದುರೆ ಎಂದೊಡನೆ ನಿಮಗೆ ಪುಣೆಯ ರೇಸ್ ಕೋರ್ಸ್ ನೆನಪಾಗಬಹುದು. ನಿಮ್ಮ ತಂದೆತಾಯಿಯರಿಗೆ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ನೆನಪಾಗುತ್ತದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕ ಗೆದ್ದದ್ದನ್ನು ನೋಡಿ ನಿಮ್ಮಲ್ಲಿ ಕೆಲವರಿಗೆ ಸವಾರಿಯ ಹುಚ್ಚು ಹಿಡಿದಿದ್ದರೆ ಆಶ್ಚರ್ಯವಿಲ್ಲ. ಮುಳಶಿ, ಮಾವಳದ ಕಡೆ ತುಂಡು ಜಮೀನಿದ್ದು, ಒಂದೆರಡು ಕುದುರೆ ಸಾಕೋಣವೆಂದು ಯೋಚಿಸುವವರು ಕುದುರೆಗಿಂತ ಮೊದಲು ಬೇಲಿಯ ಬಗ್ಗೆ ಯೋಚಿಸಬೇಕು.

ಮುಳ್ಳುತಂತಿ ಅಗ್ಗ, ನಿಜ. ಆದರೆ ಕುದುರೆ ಹೆದರಿದರೆ ನಿಂತು ನೋಡುವ ಪ್ರಾಣಿಯಲ್ಲ, ಓಡುವ ಪ್ರಾಣಿ. ಪಟಾಕಿ ಸದ್ದಿಗೆ ಬೆದರಿ ಓಡಿ, ಆ ತಂತಿಗೆ ಕಾಲು ಸಿಕ್ಕಿಸಿಕೊಂಡರೆ ಚರ್ಮ, ಸ್ನಾಯು ಎಲ್ಲಾ ಹರಿದುಹೋಗುತ್ತದೆ. ಉಳಿಸಿದ ಹಣಕ್ಕಿಂತ ವೈದ್ಯರ ಬಿಲ್ಲೇ ದೊಡ್ಡದಾದೀತು. ಆದ್ದರಿಂದಲೇ ವಿದ್ಯುತ್ ಬೇಲಿ.

ವಿದ್ಯುತ್ ಎಂದರೆ ಗಾಬರಿಯಾಗಬೇಡಿ. ಅಡುಗೆಮನೆಯ ಗ್ಯಾಸ್ ಲೈಟರ್ ನೋಡಿದ್ದೀರಲ್ಲ? ಅದರ ಕಿಡಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆದರೆ ಶಕ್ತಿ ಅತ್ಯಲ್ಪ. ಬೇಲಿಯ ಯಂತ್ರವೂ ಹೆಚ್ಚುಕಡಿಮೆ ಹೀಗೆಯೇ, ಶಕ್ತಿ ಮಾತ್ರ ಇನ್ನಷ್ಟು ಹೆಚ್ಚು. ಸುಮಾರು ಸೆಕೆಂಡಿಗೊಮ್ಮೆ, ಕ್ಷಣದ ಸಣ್ಣ ಭಾಗದಷ್ಟು ಮಾತ್ರ, ಚುರುಕು ಮುಟ್ಟಿಸಿ ಬಿಡುತ್ತದೆ. ನಡುವಿನ ಬಿಡುವಿನಲ್ಲಿ ಮುಟ್ಟಿದವರು ಕೈ ತೆಗೆದುಕೊಳ್ಳಬಹುದು. 1930ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಗ್ಯಾಲಗರ್ ಎಂಬ ರೈತನ ಕುದುರೆ 'ಜೋ' ಅವನ ಕಾರಿಗೆ ಮೈ ಉಜ್ಜುತ್ತಿತ್ತಂತೆ. ಅದನ್ನು ಬಿಡಿಸಲು ಅವನು ಮಾಡಿದ ಉಪಾಯವೇ ಮುಂದೆ ಅಲ್ಲಿ ವಿದ್ಯುತ್ ಬೇಲಿಯ ದೊಡ್ಡ ಉದ್ಯಮವಾಯಿತು.

ಮನೆಯ 230 ವೋಲ್ಟಿನ ಲೈನನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಕೊಲೆಗೆ ಸಮಾನ. ಅದರಲ್ಲಿ ಬಿಡುವೇ ಇಲ್ಲ, ಹಿಡಿದವರ ಕೈ ಬಿಡುವುದಿಲ್ಲ. ಕರ್ನಾಟಕದ ಕಾಡಂಚಿನಲ್ಲಿ ಇಂಥ ಕಳ್ಳ ಬೇಲಿಗೆ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಅದು ಕಾನೂನಿನ ಪ್ರಕಾರ ಅಪರಾಧ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಇಲ್ಲಿನ ಅಂಗಡಿಗಳಲ್ಲಿ 'ಝಟಕಾ ಮಶೀನ್' ಎಂದು ಕೇಳಿ. ಸುರಕ್ಷತಾ ಮಾನಕದ ಗುರುತು ಇರುವುದನ್ನೇ ಕೊಳ್ಳಿ. ಅಂತರರಾಷ್ಟ್ರೀಯ ಮಾನಕದ ಸಂಖ್ಯೆ ಐಇಸಿ 60335-2-76. ಕರೆಂಟು ಹೋಗುವ ಕಡೆ ಸೋಲಾರ್ ಫಲಕ, 12 ವೋಲ್ಟಿನ ಬ್ಯಾಟರಿ ಇರುವುದು ಅನುಕೂಲ.

ಇನ್ನು ತಂತಿ. ಸಣ್ಣ ಉಕ್ಕಿನ ತಂತಿ ಓಡುವ ಕುದುರೆಯ ಕಣ್ಣಿಗೆ ಬೀಳುವುದಿಲ್ಲ. ಲೋಹದ ಎಳೆ ನೇಯ್ದ, ಸುಮಾರು 40 ಮಿಲಿಮೀಟರ್ ಅಗಲದ ಬಿಳಿ ಪಟ್ಟಿ ಅಥವಾ ದಪ್ಪ ಹಗ್ಗ ದೂರದಿಂದಲೇ ಕಾಣುತ್ತದೆ. ಮೇಲಿನ ಸಾಲು ನಾಲ್ಕೂವರೆ ಅಡಿ ಎತ್ತರದಲ್ಲಿರಲಿ. ಮುಳ್ಳುತಂತಿಗೆ ಎಂದೂ ವಿದ್ಯುತ್ ಕೊಡಬೇಡಿ. ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತದೆ.

ಹಣ ಎಲ್ಲಿ ಉಳಿಸಬಹುದು? ಈಗಾಗಲೇ ಗಟ್ಟಿಯಾದ ಮರದ ಬೇಲಿಯೋ ಕಲ್ಲಿನ ಗೋಡೆಯೋ ಇದ್ದರೆ, ಅದರ ಮೇಲ್ಭಾಗದಲ್ಲಿ ಒಂದು ಸಾಲು ಪಟ್ಟಿ ಎಳೆದರೂ ಆದೀತು. ಕುದುರೆ ಅದಕ್ಕೆ ಒರಗುವುದಿಲ್ಲ, ಮರ ಕಡಿಯುವುದಿಲ್ಲ. ಮೂಲೆಯ ಕಂಬಗಳು ಬಲವಾಗಿದ್ದರೆ ನಡುವಿನವು ಹಗುರವಾಗಿದ್ದರೂ ನಡೆಯುತ್ತದೆ. ಆದರೆ ಯಂತ್ರ, ಇನ್ಸುಲೇಟರ್ ಮತ್ತು ಅರ್ಥಿಂಗ್‌ನಲ್ಲಿ ಜಿಪುಣತನ ಬೇಡ. ಬೇಲಿ ಮುಟ್ಟಿದ ಪ್ರಾಣಿಯ ಮೈಯಿಂದ ವಿದ್ಯುತ್ತು ನೆಲದ ಮೂಲಕ ಯಂತ್ರಕ್ಕೆ ಹಿಂತಿರುಗಬೇಕು. ನಮ್ಮ ಮುರುಮಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಆಗ ಝಟಕಾ ಬೀಳುವುದೇ ಇಲ್ಲ. ಮೂರು ಉದ್ದನೆಯ ಸರಳುಗಳನ್ನು ಸುಮಾರು ಮೂರು ಮೀಟರ್ ಅಂತರದಲ್ಲಿ ತಂಪು ಜಾಗದಲ್ಲಿ ಹೂಳಿ, ಬೇಸಿಗೆಯಲ್ಲಿ ನೀರು ಹಾಕಿ. ಮಳೆಗಾಲದಲ್ಲಿ ಹುಲ್ಲು ಬೆಳೆದು ಪಟ್ಟಿಗೆ ತಾಗಿದರೆ ವಿದ್ಯುತ್ತು ಅಲ್ಲೇ ಸೋರಿಹೋಗುತ್ತದೆ, ಕತ್ತರಿಸುತ್ತಿರಿ. ಬೇಲಿಯ ಟೆಸ್ಟರ್ ಒಂದನ್ನು ಕೊಂಡು ದಿನಾ ಪರೀಕ್ಷಿಸಿ.

ಪಕ್ಕದ ಹೊಲದ ಮಕ್ಕಳೂ ದನಗಳೂ ನಿಮ್ಮ ಜವಾಬ್ದಾರಿಯೇ. ದಾರಿಯ ಕಡೆ ಮರಾಠಿಯಲ್ಲಿ ಎಚ್ಚರಿಕೆಯ ಫಲಕ ಹಾಕಿ, ಅಕ್ಕಪಕ್ಕದವರಿಗೆ ಬಾಯಲ್ಲೂ ಹೇಳಿ. ಓದು ಬಾರದವರೂ ಇರುತ್ತಾರೆ. ಹೈಟೆನ್ಶನ್ ಲೈನಿನ ಕೆಳಗೆ ಬೇಲಿ ಬೇಡ.

ಹೊಸ ಕುದುರೆಯನ್ನು ಹಗಲಿನಲ್ಲಿ, ನೀವು ಜೊತೆಗಿದ್ದು ಒಳಗೆ ಬಿಡಿ. ಒಂದೆರಡು ಬಾರಿ ಮೂಗು ತಾಗಿಸಿ ಅದೇ ಕಲಿಯುತ್ತದೆ. ಎಷ್ಟೆಂದರೂ ಈ ಬೇಲಿ ತಡೆಯುವುದು ಬಲದಿಂದಲ್ಲ, ನೆನಪಿನಿಂದ. ಒಳಗೆ ಹುಲ್ಲು, ನೀರು, ನೆರಳು, ಜೊತೆಗೊಂದು ಪ್ರಾಣಿ ಇರಲಿ. ಹಸಿದ, ಒಂಟಿಯಾದ ಕುದುರೆಯನ್ನು ಯಾವ ಬೇಲಿಯೂ ಬಹಳ ದಿನ ತಡೆಯಲಾರದು.